ಚುಕ್ಕಾಣಿಯ ಬ್ರೇಕನ್ನು ಬಿಗಿಯುವ ಮುನ್ನ: ಹಳೆಯ ಹಾಯಿದೋಣಿಗಳ ಒಡೆಯರಿಗೆ ಒಂದು ಬಹಿರಂಗ ಪತ್ರ

ಅಲಮೀಡ, ಕ್ಯಾಲಿಫೋರ್ನಿಯಾ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ ಹಳೆಯ ಹಾಯಿದೋಣಿಗಳನ್ನು ಕೊಂಡು ಸಾಕುತ್ತಿರುವ ಕನ್ನಡ ಬಂಧುಗಳೇ,

ಕಳೆದ ರಾಜ್ಯೋತ್ಸವದ ಭೋಜನಪಂಕ್ತಿಯಲ್ಲಿ, ಹೋಳಿಗೆ ಬಂದುಹೋಗಿ ಮಜ್ಜಿಗೆ ಇನ್ನೂ ಬಾರದಿದ್ದ ಅವಕಾಶದಲ್ಲಿ, ನಿಮ್ಮಲ್ಲಿ ಮೂವರು ಬೇರೆಬೇರೆಯಾಗಿ ಒಂದೇ ದೂರನ್ನು ನನ್ನೆದುರು ಹೇಳಿಕೊಂಡಿರಿ. ಚುಕ್ಕಾಣಿಯ ಚಕ್ರಕ್ಕೆ ಹಾಕುವ ಬ್ರೇಕು ಜಾರುತ್ತಿದೆ, ಲಂಗರು ಹಾಕಿ ನಿಂತಾಗಲೂ ಚಕ್ರ ತನ್ನಷ್ಟಕ್ಕೆ ತಾನು ಹೊರಳಾಡುತ್ತದೆ, ಎಂಬುದೇ ಆ ದೂರು. ಮೂವರೂ ಮಾಡಿದ್ದ ಚಿಕಿತ್ಸೆಯೂ ಒಂದೇ ಆಗಿತ್ತು: ಬ್ರೇಕಿನ ಹಿಡಿಯನ್ನು ಮೊದಲು ಕೈಯಿಂದಲೂ, ಕೈ ಸೋತ ಮೇಲೆ ಇಕ್ಕಳದಿಂದಲೂ ಬಿಗಿದದ್ದು. ಎಲೆಯ ಮುಂದೆ ಕುಳಿತು ಯಂತ್ರೋಪದೇಶ ಮಾಡುವುದು ಶೋಭಿಸದೆಂದು ಅಂದು ಸುಮ್ಮನಿದ್ದೆ. ಈಗ ಚಳಿಗಾಲ ಕಳೆದು, ಗೋಲ್ಡನ್ ಗೇಟಿನ ಗಾಳಿ ಮರಳಿ ಏಳುವ ಋತು ಸಮೀಪಿಸುತ್ತಿರುವುದರಿಂದಲೂ, ಮೂವರು ಬಾಯಿಬಿಟ್ಟು ಹೇಳಿದ ವ್ಯಾಧಿ ಇನ್ನೂ ಹಲವರ ದೋಣಿಗಳಲ್ಲಿ ಮೌನವಾಗಿ ಇದ್ದೀತೆಂಬ ಸಂದೇಹದಿಂದಲೂ, ಈ ಮಾತನ್ನು ಎಲ್ಲರಿಗೂ ತಿಳಿಯುವಂತೆ ಬರೆಯುವುದೇ ಯೋಗ್ಯವೆಂದು ಭಾವಿಸಿದ್ದೇನೆ.

ಸಾರವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮಲ್ಲಿ ಹಲವರಿಗೆ ಕೊನೆಯವರೆಗೆ ಓದುವ ವ್ಯವಧಾನವಿರದೆಂದು ಬಲ್ಲೆ. ಜಾರುವ ಬ್ರೇಕನ್ನು ಬಿಗಿಯಬೇಡಿ, ಬಿಚ್ಚಿ. ಅದು ಜಾರುವುದು ಪ್ರಾಯಶಃ ಬಿಗಿ ಸಾಲದೆ ಅಲ್ಲ; ಅಷ್ಟೇ ಅಲ್ಲದೆ, ಅದನ್ನು ಬಿಚ್ಚುವ ನೆಪದಿಂದ ನಿಮ್ಮ ಕಣ್ಣಿಗೆ ಬೀಳುವ ಇತರ ವಸ್ತುಗಳು ಬ್ರೇಕಿಗಿಂತ ನೂರುಪಾಲು ಮುಖ್ಯವಾದವು.

ನಿಮ್ಮ ದೋಣಿಗಳಲ್ಲಿ ಬಹುಪಾಲು ಕಳೆದ ಶತಮಾನದ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಇದೇ ಕ್ಯಾಲಿಫೋರ್ನಿಯಾದ ದಕ್ಷಿಣಭಾಗದಲ್ಲಿ ಹುಟ್ಟಿದ ಕ್ಯಾಟಲೀನ, ಐಲ್ಯಾಂಡರ್, ಎರಿಕ್ಸನ್ ಮೊದಲಾದ ಫೈಬರ್‌ಗ್ಲಾಸಿನ ಕುಲದವು. ಅವುಗಳ ಹಿಂಭಾಗದಲ್ಲಿ ಚಕ್ರವನ್ನು ಹೊತ್ತು ನಿಂತಿರುವ ಕಂಬವಾದರೋ ಅನೇಕವೇಳೆ ಇನ್ನೊಂದು ಕರಾವಳಿಯದು. ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯ ಹಡಗುಗಳಿಗೆ ಹೆಸರಾಗಿದ್ದ ಮ್ಯಾಸಚೂಸೆಟ್ಸಿನ ನ್ಯೂ ಬೆಡ್‌ಫರ್ಡ್ ಊರಿನಲ್ಲಿರುವ, 1859ರಲ್ಲಿ ಸ್ಥಾಪಿತವಾದ, ಎಡ್ಸನ್ ಸಂಸ್ಥೆಯದು. ಇತರರ ಕಂಬಗಳೂ ಉಂಟು, ಅವುಗಳ ಬ್ರೇಕಿನ ರಚನೆಯಲ್ಲಿ ಭೇದಗಳೂ ಉಂಟು. ನಾನು ಇಲ್ಲಿ ವಿವರಿಸುವುದು ನಮ್ಮ ದಕ್ಕೆಗಳಲ್ಲಿ ಹೆಚ್ಚಾಗಿ ಕಾಣುವ ಹಳೆಯ ಬಗೆಯನ್ನು.

ಕಂಬ ಅಲ್ಯೂಮಿನಿಯಮ್ಮಿನದು, ಒಳಗೆ ಪೊಳ್ಳು. ಅದರ ತಲೆಯ ಮೇಲೆ ದಿಕ್ಸೂಚಿ ಕುಳಿತಿದೆ. ದಿಕ್ಸೂಚಿಯ ಕೆಳಗಣ ಬಟ್ಟಲಿನಂಥ ಅಗಲವಾದ ಭಾಗದಲ್ಲಿ ಚಕ್ರದ ಅಚ್ಚು ಹಿಂದುಮುಂದಾಗಿ ಹಾಯ್ದಿದೆ. ಅಚ್ಚಿನ ಮೇಲೆ ಒಂದು ಹಲ್ಲುಚಕ್ರ, ಹಲ್ಲುಚಕ್ರದ ಮೇಲೆ ಒಂದು ಚೈನು. ಚೈನಿನ ಎರಡು ತುದಿಗಳಿಗೆ ಕಟ್ಟಿದ ಉಕ್ಕಿನ ತಂತಿಹಗ್ಗಗಳು ಕಂಬದೊಳಗೆ ಕೆಳಗಿಳಿದು, ಬುಡದ ರಾಟೆಗಳನ್ನು ಬಳಸಿಕೊಂಡು, ನಿಮ್ಮ ಪಾದಗಳ ಕೆಳಗಿನ ಕತ್ತಲೆಯಲ್ಲಿ ಚುಕ್ಕಾಣಿಯ ದಂಡಕ್ಕೆ ಕಚ್ಚಿಕೊಂಡಿರುವ ಫಲಕವೊಂದನ್ನು ಎಡಕ್ಕೂ ಬಲಕ್ಕೂ ಎಳೆಯುತ್ತವೆ. ಬ್ರೇಕು ಈ ಸರಪಳಿಯ ಮೊದಲ ಕೊಂಡಿಯಾದ ಅಚ್ಚಿನ ಮೇಲೆಯೇ ಕೆಲಸಮಾಡುವಂಥದು. ಅಚ್ಚಿನ ಎರಡು ಮಗ್ಗುಲಲ್ಲೂ ಒಂದೊಂದು ಘರ್ಷಣೆಯ ಬಿಲ್ಲೆ, ಬಿಲ್ಲೆಗಳನ್ನು ಕೂಡಿಸುವ ತಿರುಪಿನ ಸರಳು, ಸರಳಿನ ತುದಿಯಲ್ಲಿ ಕಂಬದ ಹೊರಕ್ಕೆ ಚಾಚಿದ ಹಿಡಿ. ಹಿಡಿಯನ್ನು ತಿರುಗಿಸಿದರೆ ಬಿಲ್ಲೆಗಳು ಸಮೀಪಿಸಿ ಅಚ್ಚನ್ನು ಅಮುಕುತ್ತವೆ. ಇಷ್ಟೆ.

ಇದರಲ್ಲಿ ಗಮನಿಸತಕ್ಕ ಒಂದು ಲೆಕ್ಕವಿದೆ. ಅಚ್ಚಿನ ದಪ್ಪ ಸುಮಾರು 1 ಅಂಗುಲ; ಚಕ್ರದ ಅಗಲ 30 ಅಂಗುಲವೆಂದು ಇಟ್ಟುಕೊಳ್ಳೋಣ. ಕೇಂದ್ರದಿಂದ ಅರ್ಧ ಅಂಗುಲದಲ್ಲಿ ಹಿಡಿದಿರುವ ಬ್ರೇಕನ್ನು ಕೇಂದ್ರದಿಂದ 15 ಅಂಗುಲದಲ್ಲಿ ನಿಂತ ನಿಮ್ಮ ಕೈ ಎದುರಿಸುತ್ತಿದೆ. ಅಂದರೆ ಬ್ರೇಕಿನ ಬಲದ ಮೂವತ್ತನೆಯ ಒಂದು ಪಾಲಿನಿಂದಲೇ ನಿಮ್ಮ ಕೈ ಅದನ್ನು ಗೆಲ್ಲಬಲ್ಲದು. ಇದನ್ನು ದೌರ್ಬಲ್ಯವೆಂದು ತಿಳಿಯತಕ್ಕದ್ದಲ್ಲ. ಬ್ರೇಕು ಹಾಕಿದ್ದಾಗಲೂ ಅವಸರದಲ್ಲಿ ಮನುಷ್ಯನ ಕೈ ಚಕ್ರವನ್ನು ತಿರುಗಿಸಲು ಶಕ್ತವಾಗಿರಬೇಕು ಎಂಬುದೇ ಈ ರಚನೆಯ ಧರ್ಮ. ಕೈಗೆ ಸೋಲದ ಬ್ರೇಕಿಗಿಂತ ಬ್ರೇಕೇ ಇಲ್ಲದಿರುವುದು ಕ್ಷೇಮ.

ಹಾಗಾದರೆ ಅದು ಜಾರುವುದೇಕೆ? ಕಾರಣ ಬಹಳ ಸಲ ಎಣ್ಣೆ. ಚೈನಿಗೆ ಎಣ್ಣೆ ಬೇಕು, ಬ್ರೇಕಿಗೆ ಎಣ್ಣೆ ವಿಷ. ಇವೆರಡನ್ನೂ ಒಂದೇ ಇಕ್ಕಟ್ಟಾದ ಬಟ್ಟಲಿನಲ್ಲಿ ಕೂಡಿಸಿಟ್ಟಿದೆ. ದಿಕ್ಸೂಚಿಯನ್ನು ಎತ್ತುವ ಶ್ರಮಕ್ಕೆ ಅಂಜಿದ ಹಿಂದಿನ ಒಡೆಯನೊಬ್ಬ ಸಂದಿಯಿಂದಲೇ ಎಣ್ಣೆಯನ್ನು ಧಾರಾಳವಾಗಿ ಚಿಮುಕಿಸಿರುತ್ತಾನೆ, ಅದು ಅಚ್ಚಿನ ಗುಂಟ ಹರಿದು ಬಿಲ್ಲೆಗಳನ್ನು ನೆನೆಸಿರುತ್ತದೆ. ನಮ್ಮ ಊರುಗಳಲ್ಲಿ ಎತ್ತಿನ ಗಾಡಿಯವನು ಅಚ್ಚಿಗೆ ಕೀಲೆಣ್ಣೆ ಹಾಕುವಾಗ ಅದು ಬಿರಿಯ ಕಟ್ಟಿಗೆಗೆ ಸೋಕದಂತೆ ಎಷ್ಟು ಜಾಗರೂಕನಾಗಿರುತ್ತಿದ್ದನೆಂಬುದನ್ನು ನಿಮ್ಮಲ್ಲಿ ಹಿರಿಯರಾದವರು ಕಂಡಿರಬಹುದು. ಘಾಟಿಯ ಇಳಿಜಾರಿನಲ್ಲಿ ಆ ಜಾಗರೂಕತೆಯ ಬೆಲೆ ಅವನಿಗೆ ಗೊತ್ತಿತ್ತು. ಎಣ್ಣೆ ಕುಡಿದ ಬಿಲ್ಲೆಯನ್ನು ಇನ್ನಷ್ಟು ಬಿಗಿದರೆ ಎಣ್ಣೆ ಹೋಗುವುದಿಲ್ಲ; ಬಿಲ್ಲೆಯ ಮೈ ಮಿರುಗಿ ನುಣುಪಾಗುತ್ತದೆ, ಸರಳಿನ ತಿರುಪು ಸವೆಯುತ್ತದೆ, ಹಿಡಿಯನ್ನು ಸರಳಿಗೆ ಬಂಧಿಸಿದ ಪಿನ್ನು ತುಂಡಾಗುತ್ತದೆ. ಇವೆಲ್ಲಕ್ಕಿಂತ ಕೇಡಿನದು ಮತ್ತೊಂದಿದೆ. ಇಕ್ಕಳದಿಂದ ಬಿಗಿದ ಬ್ರೇಕು ಒಂದು ದಿನ ನಿಜವಾಗಿಯೇ ಕಚ್ಚಿಕೊಂಡಿತೆಂದರೆ, ಇಕ್ಕಳ ಕೆಳಗಿನ ಕೋಣೆಯಲ್ಲಿ ಎಲ್ಲಿದೆಯೆಂದು ಹುಡುಕುವಷ್ಟು ಹೊತ್ತು ಚುಕ್ಕಾಣಿ ನಿಮ್ಮದಾಗಿರುವುದಿಲ್ಲ.

ಬ್ರೇಕಿಗೆ ಚುಕ್ಕಾಣಿಯನ್ನು ಒಪ್ಪಿಸಿ ಸಾಗಬಾರದೆಂದರೆ ನಿಮ್ಮಲ್ಲಿ ಗ್ರಂಥಪ್ರಿಯರಾದವರು ಒಂದು ಆಕ್ಷೇಪವನ್ನು ತರುವಿರೆಂದು ಬಲ್ಲೆ. ಜೋಷುವಾ ಸ್ಲೋಕಮ್ 1895ರಲ್ಲಿ ಬಾಸ್ಟನ್ನಿನಿಂದ ಹೊರಟು, 1898ರಲ್ಲಿ ಮರಳುವಷ್ಟರಲ್ಲಿ, ಸ್ಪ್ರೇ ಎಂಬ ದೋಣಿಯಲ್ಲಿ ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡಿದವನು. ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ಕೋಕೋಸ್ ದ್ವೀಪಗಳವರೆಗಿನ 2,700 ಮೈಲಿಗಳನ್ನು 23 ದಿನಗಳಲ್ಲಿ ಕ್ರಮಿಸುವಾಗ ಚಕ್ರದ ಬಳಿ ತಾನು ನಿಂತದ್ದು ಒಟ್ಟು ಮೂರು ಗಂಟೆಗೆ ಮೀರದೆಂದು ತಾನೇ ಬರೆದಿರುವವನು. ಅವನು ಚಕ್ರವನ್ನು ಕಟ್ಟಿಹಾಕಿ ಮಲಗಬಹುದಾದರೆ, ಬರ್ಕ್ಲಿಯಿಂದ ಸೌಸಲೀಟೊವರೆಗೆ ಹೋಗುವ ನಾವು ಬ್ರೇಕು ಹಾಕಿ ಎರಡು ನಿಮಿಷ ಚಹಾ ಕುಡಿಯಬಾರದೆ, ಎಂದು. ಆಕ್ಷೇಪ ಚೆನ್ನಾಗಿದೆ, ಆದರೆ ಸ್ಪ್ರೇಯನ್ನು ನಡೆಸಿದ್ದು ಚಕ್ರಕ್ಕೆ ಕಟ್ಟಿದ ಹಗ್ಗವಲ್ಲ. ಆ ದೋಣಿಯ ಅಡಿಗಟ್ಟು ಮುಂದಿನಿಂದ ಹಿಂದಿನವರೆಗೆ ಉದ್ದಕ್ಕೂ ಚಾಚಿಕೊಂಡಿತ್ತು, ಅದರ ಹಾಯಿಗಳು ಒಡಲಿನೊಡನೆ ಅಪೂರ್ವವಾದ ಸಮತೋಲದಲ್ಲಿದ್ದವು. ದಾರಿ ತಪ್ಪಿದರೆ ಗಾಳಿಯೇ ಅದನ್ನು ದಾರಿಗೆ ತರುತ್ತಿತ್ತು, ಹಗ್ಗ ಕೇವಲ ಸಾಕ್ಷಿಯಾಗಿತ್ತು. ನಮ್ಮ ದೋಣಿಗಳ ಅಡಿಗಟ್ಟೋ ನಡುವೆ ಮಾತ್ರ ಇಳಿದ ಒಂದು ಕಿರಿದಾದ ರೆಕ್ಕೆ; ಚುಕ್ಕಾಣಿ ಅದರಿಂದ ದೂರದಲ್ಲಿ ಬಹಳ ಸಲ ಬೇರೆಯಾಗಿಯೇ ತೂಗುತ್ತದೆ. ಇವು ಚುರುಕಾಗಿ ತಿರುಗುವುದಕ್ಕೆ ಹುಟ್ಟಿದವು, ನೆಟ್ಟಗೆ ಹೋಗುವುದಕ್ಕಲ್ಲ. ಬೇಸಗೆಯ ಮಧ್ಯಾಹ್ನಗಳಲ್ಲಿ ಒಳನಾಡಿನ ಕಣಿವೆ ಕಾದು, ಸಮುದ್ರದ ತಣ್ಣನೆಯ ಗಾಳಿ ಗೋಲ್ಡನ್ ಗೇಟಿನ ಇಕ್ಕಟ್ಟಿನೊಳಗೆ ನುಗ್ಗಿ 20, 25 ನಾಟು ವೇಗದಲ್ಲಿ ಬೀಸುವಾಗ, ಬ್ರೇಕಿಗೆ ಒಪ್ಪಿಸಿದ ಚುಕ್ಕಾಣಿ ಆ ಚಹಾ ಆರುವಷ್ಟು ಹೊತ್ತೂ ದೋಣಿಯನ್ನು ನೇರವಾಗಿ ಇಡಲಾರದು.

ಬ್ರೇಕಿನ ನಿಜವಾದ ಉಪಯೋಗ ನಿಂತ ದೋಣಿಯಲ್ಲಿ. ಏಂಜಲ್ ದ್ವೀಪದ ಅಯಾಲ ಕೋವಿನಲ್ಲಿ ತೇಲುಗುಂಡಿಗೆ ಕಟ್ಟಿಕೊಂಡು ರಾತ್ರಿ ಕಳೆದವರಿಗೆ ಇದು ತಿಳಿದಿದೆ; ಪ್ರತಿಯೊಂದು ಫೆರಿ ಹಾದುಹೋದಾಗಲೂ ಅದರ ತೆರೆಗೆ ಚುಕ್ಕಾಣಿ ಅತ್ತಿತ್ತ ಬಡಿದಾಡಿ, ತಡೆಗಳನ್ನು ಗುದ್ದಿ, ಬೇರಿಂಗುಗಳನ್ನು ಸವೆಸಿ, ಕೆಳಗೆ ಮಲಗಿದವರ ನಿದ್ರೆಯನ್ನೂ ಕೆಡಿಸುತ್ತದೆ. ಆ ಹೊರಳಾಟವನ್ನು ತಡೆಯುವುದು, ಹಾಯಿಯೊಂದನ್ನು ಸರಿಪಡಿಸಲು ಕ್ಷಣಕಾಲ ಕೈ ತೆಗೆಯಬೇಕಾದಾಗ ಚಕ್ರಕ್ಕೆ ಸ್ವಲ್ಪ ಬಿಗುವು ಕೊಡುವುದು, ಇದಕ್ಕಿಂತ ಹೆಚ್ಚಿನ ಕಾರ್ಯವನ್ನು ಅದಕ್ಕೆ ವಹಿಸುವುದು ಅನ್ಯಾಯ.

ಇನ್ನು ದುರಸ್ತಿಯ ವಿಷಯ. ದೋಣಿ ದಕ್ಕೆಗೆ ನಾಲ್ಕೂ ಕಡೆಯಿಂದ ಕಟ್ಟಿರಲಿ, ಎಂಜಿನ್ನಿನ ಕೀಲಿಕೈ ನಿಮ್ಮ ಜೇಬಿನಲ್ಲಿರಲಿ, ಚಕ್ರವನ್ನು ನೇರವಾಗಿಟ್ಟು ಹಗ್ಗದಿಂದ ಕಂಬದ ಕಾವಲುಗಂಬಿಗೆ ಬಿಗಿಯಿರಿ. ದಿಕ್ಸೂಚಿಯನ್ನು ಕೀಳುವ ಮೊದಲು ಅದರ ತಳಕ್ಕೂ ಕಂಬಕ್ಕೂ ಸೇರುವಂತೆ ಕಾಗದದ ಟೇಪನ್ನು ಅಂಟಿಸಿ, ಅಡ್ಡಲಾಗಿ ಪೆನ್ಸಿಲಿನಿಂದ ಗೀಟೆಳೆಯಿರಿ. ಮತ್ತೆ ಕೂಡಿಸುವಾಗ ಆ ಗೀಟು ಒಂದಕ್ಕೊಂದು ಹೊಂದದಿದ್ದರೆ ನಿಮ್ಮ ದಿಕ್ಸೂಚಿ ಮುಂದಿನ ಮಂಜಿನಲ್ಲಿ ಸುಳ್ಳು ಹೇಳುತ್ತದೆ. ಅದರ ದೀಪದ ತಂತಿಯನ್ನು ಬಿಡಿಸಿ, ಟವೆಲಿನಲ್ಲಿ ಸುತ್ತಿ, ಕೆಳಗಿನ ಕೋಣೆಯಲ್ಲಿಡಿ. ಕೆಳಗೇ ಏತಕ್ಕೆಂದರೆ, ನೀವು ಮುಂದೆ ಬಳಸುವ ಅಸಿಟೋನು ದಿಕ್ಸೂಚಿಯ ಗುಮ್ಮಟದ ಪ್ಲಾಸ್ಟಿಕ್ಕಿಗೆ ಸೋಕಿದರೆ ಅದು ಕ್ಷಣದಲ್ಲಿ ಮಂಕಾಗಿ ಬಿರುಕು ಬಿಡುತ್ತದೆ.

ದಿಕ್ಸೂಚಿ ಹೋದ ಮೇಲೆ ಕಂಬದ ಗಂಟಲು ಕಾಣುತ್ತದೆ. ಯಾವುದೇ ಸ್ಕ್ರೂವಿಗೆ ಕೈಹಚ್ಚುವ ಮೊದಲು ಒಂದು ಹಳೆಯ ಪಂಚೆಯ ತುಂಡನ್ನು ಚೈನಿನ ಎರಡು ಬದಿಗೂ ಸರಿದುಕೊಳ್ಳುವಂತೆ ಆ ಗಂಟಲಿನಲ್ಲಿ ತುರುಕಿ. ಇದನ್ನು ಮಾಡದವರ ಪಿನ್ನು, ವಾಷರು, ಸ್ಕ್ರೂಗಳು ಕಂಬದ ಬುಡಕ್ಕೆ ಬೀಳುತ್ತವೆ, ಅಲ್ಲಿಂದ ರಾಟೆಗಳ ಸಂದಿಗೆ ಸೇರುತ್ತವೆ, ಮತ್ತು ಯಾವತ್ತೋ ಒಂದು ದಿನ ತಂತಿಹಗ್ಗದ ಕೆಳಗೆ ಸಿಕ್ಕಿ ಚುಕ್ಕಾಣಿಯನ್ನೇ ಹಿಡಿದು ನಿಲ್ಲಿಸುತ್ತವೆ. ಎಂಜಿನ್ನಿನ ವೇಗದ ಮತ್ತು ಗೇರಿನ ಹಿಡಿಗಳು ಅಡ್ಡ ಬಂದರೆ, ಬಿಚ್ಚುವ ಮೊದಲು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಜೇಬಿನೊಳಗಿನ ಆ ಯಂತ್ರ ದೋಣಿಯವರಿಗೆ ಮಾಡಿರುವ ನಿರ್ವಿವಾದವಾದ ಉಪಕಾರಗಳಲ್ಲಿ ಇದೊಂದು. ಚೈನನ್ನು ಹಲ್ಲುಚಕ್ರಕ್ಕೆ ದಾರದಿಂದ ಕಟ್ಟಿಬಿಟ್ಟರೆ ಅದು ಸಡಿಲಗೊಂಡು ಜಾರುವ ಭಯವೂ ಇರದು.

ಅಲ್ಯೂಮಿನಿಯಮ್ಮಿನ ಮೈಯಲ್ಲಿ ಸ್ಟೇನ್‌ಲೆಸ್ ಉಕ್ಕಿನ ಸ್ಕ್ರೂ ಉಪ್ಪುನೀರಿನ ಸಾನ್ನಿಧ್ಯದಲ್ಲಿ ವರ್ಷಾನುಗಟ್ಟಲೆ ಕುಳಿತರೆ ಏನಾಗುವುದೆಂಬುದನ್ನು ಎಂಜಿನಿಯರುಗಳೇ ಹೆಚ್ಚಾಗಿರುವ ಈ ಬಳಗಕ್ಕೆ ವಿವರಿಸಬೇಕಾಗಿಲ್ಲ. ಬಿಳಿಯ ಹಿಟ್ಟಿನಂಥ ಕಿಲುಬು ಸ್ಕ್ರೂವನ್ನು ಸುತ್ತುವರಿದು ಬೆಸೆದಂತೆ ಹಿಡಿದಿರುತ್ತದೆ. ಇಲ್ಲಿ ಬಲ ಪ್ರಯೋಜನಕ್ಕೆ ಬಾರದು. ಒಳಕ್ಕೆ ಇಳಿಯುವ ಎಣ್ಣೆಯನ್ನು ಸ್ಕ್ರೂವಿನ ಬುಡಕ್ಕೆ ಹಾಕಿ ಒಂದು ರಾತ್ರಿ ಬಿಡಿ, ಮರುದಿನ ಅದರ ತಲೆಗೆ ಸರಿಯಾಗಿ ಹೊಂದುವ ಸ್ಕ್ರೂಡ್ರೈವರನ್ನು ಇಟ್ಟು ಸುತ್ತಿಗೆಯಿಂದ ಒಂದೆರಡು ಸಣ್ಣ ಪೆಟ್ಟು ಕೊಡಿ, ಆಮೇಲೆ ತಿರುಗಿಸಿ. ಬಾರದಿದ್ದರೆ ಇನ್ನೊಂದು ರಾತ್ರಿ. ಹಳೆಯ ದೋಣಿಯನ್ನು ಕೊಂಡವರಿಗೆ ಕಾಲವನ್ನು ಕುರಿತು ದೂರುವ ಅಧಿಕಾರವಿಲ್ಲ.

ಹಿಡಿಯ ಪಿನ್ನನ್ನು ಹೊಡೆದು ತೆಗೆದು, ಸರಳನ್ನು ಬಿಡಿಸಿದರೆ ಬಿಲ್ಲೆಗಳು ಕೈಗೆ ಬರುತ್ತವೆ. ಯಾವುದು ಎಡದ್ದು, ಯಾವುದು ಬಲದ್ದೆಂದು ಆಗಲೇ ಗುರುತಿಟ್ಟುಕೊಳ್ಳಿ. ಅವು ಕಪ್ಪಾಗಿ, ಅಂಟಂಟಾಗಿ, ಬೆರಳಿನಿಂದ ಒತ್ತಿದರೆ ಹೊಳೆಯುವಂತಿದ್ದರೆ ರೋಗನಿದಾನ ಮುಗಿಯಿತು. ಕಾರಿನ ಬ್ರೇಕುಗಳನ್ನು ತೊಳೆಯುವ ದ್ರವದಿಂದಲೋ ಅಸಿಟೋನಿನಿಂದಲೋ, ಒರೆಸಿದ ಬಟ್ಟೆಗೆ ಕಪ್ಪು ಅಂಟದಷ್ಟು ಸಲ, ಅವನ್ನು ತೊಳೆದು ಒಣಗಿಸಿ. ಗಾಳಿಯಾಡುವ ಕಡೆ ಕುಳಿತು, ಕೈಗವಸು ತೊಟ್ಟು ಮಾಡತಕ್ಕ ಕೆಲಸವಿದು. ಅನಂತರ ಅಮುಕುವ ಮೈಯ ಹೊಳಪು ಹೋಗಿ ಒರಟು ಕಾಣುವವರೆಗೆ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ. ಎಷ್ಟೋ ದಶಕಗಳ ಹಿಂದಿನ ಬಿಲ್ಲೆ ಯಾವ ವಸ್ತುವಿನದೆಂದು ತಿಳಿಯದಿದ್ದಲ್ಲಿ ಒಣಗಿದ್ದಾಗ ಉಜ್ಜಬೇಡಿ. ನೀರು ಸೋಕಿಸಿ ಉಜ್ಜಿ, ಮೂಗುಬಾಯಿಗೆ ಮುಸುಕಿರಲಿ, ಪುಡಿಯನ್ನು ಒದ್ದೆಬಟ್ಟೆಯಲ್ಲಿ ಒರೆಸಿ ಎಸೆಯಿರಿ. ಬಿಲ್ಲೆ ಸೀಳಿದ್ದರೆ, ಅಥವಾ ತೀರ ತೆಳ್ಳಗೆ ಸವೆದಿದ್ದರೆ, ಹೊಸದನ್ನು ತರಿಸಿ, ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯ ಕಂಬಗಳಿಗೂ ಬಿಡಿಭಾಗಗಳು ಇನ್ನೂ ಮಾರಾಟಕ್ಕಿವೆಯೆಂಬುದು ಈ ದೇಶದ ದೋಣಿವ್ಯಾಪಾರದ ಮೆಚ್ಚತಕ್ಕ ಗುಣ. ಆದರೆ ಅಚ್ಚಿನ ಮೇಲಣ ಎಣ್ಣೆಯನ್ನು ಒರೆಸದೆ ಹೊಸ ಬಿಲ್ಲೆ ಹಾಕುವುದು ಹಣವನ್ನು ಕೊಲ್ಲಿಗೆ ಎಸೆದಂತೆ.

ಬಿಲ್ಲೆಗಳು ಒಣಗುತ್ತಿರುವ ಆ ಅರ್ಧ ಗಂಟೆಯಲ್ಲಿ ಮಾಡಬೇಕಾದ ಕೆಲಸಕ್ಕೋಸ್ಕರವೇ ವಸ್ತುತಃ ಈ ಪತ್ರವನ್ನು ಬರೆಯುತ್ತಿದ್ದೇನೆ. ಅಡುಗೆಮನೆಯ ಕಾಗದದ ಟವೆಲನ್ನು ಮಡಿಸಿ, ಅದಕ್ಕೆ 30ನೆಯ ದರ್ಜೆಯ ಮೋಟಾರು ಎಣ್ಣೆಯ ಕೆಲವೇ ಹನಿಗಳನ್ನು ಹಾಕಿ, ಒಂದು ಕೈಯಲ್ಲಿ ದೀಪ ಹಿಡಿದು, ಕಂಬದ ಬುಡದಿಂದ ಚುಕ್ಕಾಣಿಯ ಫಲಕದವರೆಗೆ ತಂತಿಹಗ್ಗದ ಉದ್ದಕ್ಕೂ ಆ ಕಾಗದವನ್ನು ನಿಧಾನವಾಗಿ ಎಳೆಯಿರಿ. ಇದರಿಂದ ಹಗ್ಗಕ್ಕೆ ಬೇಕಾದಷ್ಟು ಎಣ್ಣೆಯೂ ಸಲ್ಲುತ್ತದೆ. ಹಗ್ಗದ ಎಳೆಯೊಂದು ಎಲ್ಲಿಯಾದರೂ ತುಂಡಾಗಿದ್ದರೆ ಅಲ್ಲಿ ಕಾಗದ ಚರಕ್ಕನೆ ಸಿಕ್ಕಿ ಹರಿದು, ಒಂದು ಚೂರನ್ನು ತಂತಿಯ ಮುಳ್ಳಿನಲ್ಲಿ ಬಿಟ್ಟುಬರುತ್ತದೆ. ಬರಿಗೈಯಿಂದ ಈ ಪರೀಕ್ಷೆಯನ್ನು ಮಾಡತಕ್ಕದ್ದಲ್ಲ. ಕಾಗದಕ್ಕೆ ಆದದ್ದು ಬೆರಳಿಗೆ ಆಗುತ್ತದೆ. ಎಳೆಗಳು ಮುರಿಯುವುದು ವಿಶೇಷವಾಗಿ ರಾಟೆಯ ಮೇಲೆ ಹಗ್ಗ ಬಾಗುವ ಸ್ಥಳದಲ್ಲಿ. ಒಂದೇ ಒಂದು ಎಳೆ ಮುರಿದಿದ್ದರೂ ಆ ಹಗ್ಗದ ಆಯುಷ್ಯ ಮುಗಿಯಿತೆಂದೇ ತಿಳಿದು ಬದಲಿಸಿ. ಆಮೇಲೆ ಚಕ್ರ ಕಟ್ಟಿದಂತೆಯೇ ಇರುವಾಗ ಫಲಕವನ್ನು ಎರಡು ಕೈಯಿಂದ ಹಿಡಿದು ಅಲುಗಿಸಲು ಯತ್ನಿಸಿ. ಅದು ಅಲುಗಿದರೆ ಹಗ್ಗ ಸಡಿಲವಾಗಿದೆ, ಹದವಾಗಿ ಬಿಗಿಯಬೇಕು. ರಾಟೆಗಳನ್ನು ತಳಕ್ಕೆ ಹಿಡಿದಿರುವ ಬೋಲ್ಟುಗಳಿಗೂ ಪಾನಾ ಹಾಕಿ ನೋಡಿ.

ಚುಕ್ಕಾಣಿಯ ದೋಷ ಹವ್ಯಾಸಿಗಳ ಹಳೆಯ ದೋಣಿಗಳಿಗೆ ಮಾತ್ರ ಬರುವ ವಿಪತ್ತೆಂದು ಭಾವಿಸಬೇಡಿ. ಭಾರತದ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ತಾರಿಣಿ ಎಂಬ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆ ಮಾಡುತ್ತಿದ್ದಾಗ, 2018ರ ಏಪ್ರಿಲಿನಲ್ಲಿ, ಚುಕ್ಕಾಣಿಯ ಯಂತ್ರ ಕೆಟ್ಟು ಮಾರಿಷಸ್ಸಿನ ಪೋರ್ಟ್ ಲೂಯಿಸಿಗೆ ಹೋಗಬೇಕಾಯಿತು. ಸರಿಪಡಿಸಿಕೊಂಡು ಮೇ ತಿಂಗಳಲ್ಲಿ ಗೋವೆಗೆ ಮರಳಿದರು. ಅಷ್ಟು ಶಿಕ್ಷಣ ಪಡೆದವರ, ಅಷ್ಟು ಜತನದಿಂದ ನೋಡಿಕೊಂಡ ನೌಕೆಗೆ ಬಂದದ್ದು ನಮಗೆ ಬಾರದೆ?

ಮತ್ತೆ ಕೂಡಿಸುವಾಗ ಪ್ರತಿಯೊಂದು ಸ್ಕ್ರೂವಿಗೂ ಉಣ್ಣೆಯ ಜಿಡ್ಡಿನಿಂದ ಮಾಡಿದ ಲೇಪವನ್ನು ಸವರಿ, ಮುಂದಿನ ಸಲ ನಿಮಗೇ ಉಪಕಾರವಾಗುತ್ತದೆ. ಸರಳಿನ ತಿರುಪಿಗೆ ಒಂದಿಷ್ಟು ಗ್ರೀಸು ಸಲ್ಲುತ್ತದೆ, ಬಿಲ್ಲೆಗೆ ಸರ್ವಥಾ ಸಲ್ಲದು. ಚೈನಿಗೆ ಎಣ್ಣೆ ಹಾಕುವುದಿದ್ದರೆ ಬಿಲ್ಲೆಗಳ ಮೇಲೆ ಬಟ್ಟೆ ಮುಚ್ಚಿ, ಹನಿಹನಿಯಾಗಿ. ತುರುಕಿದ ಪಂಚೆಯನ್ನು ತೆಗೆಯಲು ಮರೆಯಬೇಡಿ. ಎಲ್ಲ ಮುಗಿದ ಮೇಲೆ ಹಿಡಿಯನ್ನು ಬೆರಳುಗಳಿಂದ ಮಾತ್ರ ಬಿಗಿದು, ಚಕ್ರವನ್ನು ತಿರುಗಿಸಿ ನೋಡಿ: ತಾನಾಗಿ ತಿರುಗಬಾರದು, ಒಂದು ಕೈಯ ಪ್ರಯತ್ನಕ್ಕೆ ತಿರುಗಬೇಕು. ಈ ಹದ ಸಿಕ್ಕಿದರೆ ಕೆಲಸ ಆಯಿತು.

ಬಳಕೆಯ ಬಗ್ಗೆ ಎರಡು ಎಚ್ಚರಿಕೆಗಳು. ವಿದ್ಯುತ್ತಿನ ಸ್ವಯಂಚಾಲಕವನ್ನು ಚಕ್ರಕ್ಕೆ ಜೋಡಿಸಿಕೊಂಡಿರುವವರು ಅದನ್ನು ಚಾಲೂ ಮಾಡುವ ಮೊದಲು ಬ್ರೇಕನ್ನು ಪೂರ್ತಿ ಬಿಡತಕ್ಕದ್ದು, ಇಲ್ಲವಾದರೆ ಬ್ರೇಕಿನೊಡನೆ ಕುಸ್ತಿಯಾಡಿ ಮೋಟಾರು ಸುಟ್ಟುಹೋಗುತ್ತದೆ. ದೋಣಿಯನ್ನು ಹಿಮ್ಮುಖವಾಗಿ ನಡೆಸುವಾಗ ನೀರಿನ ರಭಸ ಚುಕ್ಕಾಣಿಯನ್ನು ಹಿಂದಿನಿಂದ ಹಿಡಿದು ಒಮ್ಮೆಗೇ ಕಡೆಯವರೆಗೆ ಒಯ್ದುಬಿಡುತ್ತದೆ. ಆಗ ಚಕ್ರ ಸುತ್ತುವ ವೇಗಕ್ಕೆ ಮಣಿಕಟ್ಟು ಮುರಿದೀತು. ಅಂಥ ಸಮಯದಲ್ಲಿ ಬ್ರೇಕನ್ನು ನಂಬಬೇಡಿ, ಎರಡು ಕೈಗಳಿಂದ ಚಕ್ರವನ್ನು ಭದ್ರವಾಗಿ ಹಿಡಿದು, ವೇಗವನ್ನು ಕಡಮೆಮಾಡಿ.

ಮಾರ್ಚಿ ತಿಂಗಳ ಶನಿವಾರಗಳಂದು ಬೆಳಿಗ್ಗೆ ನಾನು ಅಲಮೀಡದ ದಕ್ಕೆಯಲ್ಲಿರುತ್ತೇನೆ. ಕಂಬ ಬಿಚ್ಚಲು ಒಬ್ಬರೇ ಅಂಜುವವರು ತಮ್ಮ ದೋಣಿಗೆ ನನ್ನನ್ನು ಕರೆಯಬಹುದು. ಹಿಡಿಯುವುದಕ್ಕೆ ಮೂರನೆಯ ಕೈಯೊಂದು ಆ ಕೆಲಸದಲ್ಲಿ ಬೇಕೇ ಬೇಕು. ನಾನು ಬರುವ ಮುನ್ನ ನಿಮ್ಮ ದೋಣಿಯ ಆಪತ್ಕಾಲದ ಚುಕ್ಕಾಣಿ ಹಿಡಿಕೋಲನ್ನು ಹುಡುಕಿ ಹೊರಗೆ ತೆಗೆದಿಟ್ಟಿರಿ. ತಂತಿಹಗ್ಗ ತುಂಡಾದ ದಿನ ಚುಕ್ಕಾಣಿಯ ದಂಡಕ್ಕೆ ನೇರವಾಗಿ ಸಿಕ್ಕಿಸಿ ದೋಣಿಯನ್ನು ಮನೆಗೆ ತರುವ ಸಾಧನ ಅದೊಂದೇ. ಅದು ಎಲ್ಲಿದೆ, ಯಾವ ಮುಚ್ಚಳದ ಕೆಳಗೆ ಕೂಡುತ್ತದೆ, ನಿಜವಾಗಿಯೂ ಕೂಡುತ್ತದೆಯೆ ಎಂಬುದನ್ನು ಅದೇ ದಿನ ಒಟ್ಟಿಗೆ ನೋಡಿಬಿಡೋಣ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮಂತೆಯೇ ಹಳೆಯ ದೋಣಿಯೊಂದರ ಒಡೆಯ